ಶರಬತ್ತಿನ ಗುಳ್ಳೆ

ಓದುಗರೇ, ಬೇಸಿಗೆ ಬಂತೆಂದರೆ ನಿಮ್ಮ ಮನೆಯಲ್ಲೂ ಮಕ್ಕಳು ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಿಲ್ಲುವುದು ಶುರುವಾಗಿರಬೇಕು. ಜಮಖಂಡಿ ತಾಲೂಕಿನ ನಮ್ಮ ತುಬಚಿ ಸೀಮೆಯಲ್ಲಿ ಏಪ್ರಿಲ್ ಬಿಸಿಲೆಂದರೆ ಹಂಚಿನ ಮೇಲೆ ನಿಂತಂತೆ. ಮನೆಗೆ ಬಂದವರಿಗೆ ಮೊದಲು ಚಹಾ ಕೊಟ್ಟರೆ ಅವರು ಮುಖ ನೋಡುತ್ತಾರೆ. ಆದ್ದರಿಂದ ಈ ತಿಂಗಳು ಹಣ್ಣು, ಪುದೀನ ಮತ್ತು ಸೋಡಾ ಸೇರಿಸಿದ ಒಂದು ಶರಬತ್ತನ್ನು ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ನಾನು ಕೆಡಿಸಿದ ಶರಬತ್ತಿನ ಕತೆಯನ್ನು ಹೇಳಲೇಬೇಕು.

ಅಕ್ಕನ ಮಗಳ ಮದುವೆ ಏಪ್ರಿಲ್‌ನಲ್ಲಿ ಇತ್ತು. ಹುಡುಗಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಖಾಲಾ, ಇದ ಬೇಕು ನನಗ" ಎಂದಳು. ಎತ್ತರದ ಗ್ಲಾಸು, ಒಳಗೆ ಕೆಂಪು ರಸ, ಪುದೀನ ಎಲೆ, ಮೇಲಕ್ಕೇರುವ ಸಣ್ಣ ಸಣ್ಣ ಗುಳ್ಳೆ. ಹೆಸರು 'ಕಾಕ್‌ಟೇಲ್' ಎಂದಿತ್ತು. ಮನೆಯ ಹಿರಿಯರು ಹುಬ್ಬು ಗಂಟಿಕ್ಕಿದರು. ನಾನು ಮದ್ರಸಾದಲ್ಲಿ ಓದಿದವಳಲ್ಲವೇ, ಹೆಸರಿನ ಪಾಠ ಶುರು ಮಾಡಿದೆ. ಅರಬಿಯಲ್ಲಿ 'ಶರಿಬ' ಎಂದರೆ ಕುಡಿದನು. ಶರಬತ್ತು, ಶರಾಬು, ಇಂಗ್ಲಿಷಿನ ಸಿರಪ್ಪು ಎಲ್ಲವೂ ಅದೇ ಬೇರಿನಿಂದ ಬಂದವು. ಅರಬಿಯಲ್ಲಿ ಶರಾಬ್ ಎಂದರೆ ಬರೀ ಪೇಯ. ಸೂರಃ ನಹ್ಲ್‌ನಲ್ಲಿ ಜೇನಿಗೆ ಅದೇ ಪದವಿದೆ. ಉರ್ದುವಿಗೆ ಬರುವಷ್ಟರಲ್ಲಿ ಆ ಪದ ಹುಳಿಯಾಯಿತು. ಹೆಸರಿನಲ್ಲಿ ಏನೂ ಇಲ್ಲ, ನಾನೇ ಮಾಡುತ್ತೇನೆ ಎಂದೆ.

ಮದುವೆಗೆ ಮೂರು ದಿನ ಮೊದಲೇ 20 ಕಿಲೋ ಕಪ್ಪು ದ್ರಾಕ್ಷಿ ತರಿಸಿ ಹಿಂಡಿದೆವು. ರಸಕ್ಕೆ ಸಕ್ಕರೆ, ಪುದೀನ ಹಾಕಿ ಗಾಜಿನ ಬಾಟಲಿಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಒಳಕೋಣೆಯ ಮಂಚದ ಕೆಳಗೆ ಸಾಲಾಗಿ ಇಟ್ಟೆವು. ಅಷ್ಟು ಬಾಟಲಿಗೆ ಫ್ರಿಜ್ ಎಲ್ಲಿಂದ ಬರಬೇಕು? ಮೂರನೆಯ ರಾತ್ರಿ 'ಢಬ್' ಎಂದು ಸದ್ದಾಯಿತು. ಒಂದು ಬಾಟಲಿ ಒಡೆದಿತ್ತು. ಇನ್ನೊಂದರ ಮುಚ್ಚಳ ತೆಗೆದರೆ ಬುಸ್ಸೆಂದು ನೊರೆ ಬಂತು. ಮಕ್ಕಳಿಗೆ ಸಂತೋಷವೋ ಸಂತೋಷ, "ಸೋಡಾ ಹಾಕದನ ಸೋಡಾ ಆಗೇದ!"

ಚಾಚಾ ಬಂದು ಗ್ಲಾಸನ್ನು ಮೂಗಿನ ಹತ್ತಿರ ಹಿಡಿದರು. ಕೆಳಗಿಟ್ಟರು. "ಇದನ್ನ ಬಚ್ಚಲಕ್ಕ ಸುರುವಿಬಿಡವಾ" ಎಂದರು. ಬರೀ ಹಣ್ಣಿನ ರಸ, ಹೊರಗಿನದು ಒಂದು ಹನಿಯೂ ಸೇರಿಸಿಲ್ಲ ಎಂದು ವಾದಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ಪಾಠ ನೆನಪಾಯಿತು.

ನಬೀದ್ ಎಂಬ ಪಾನೀಯ ನಿಮಗೆ ಗೊತ್ತಿರಬಹುದು. ಖರ್ಜೂರ ಅಥವಾ ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಸಿದ್ದು. ಪ್ರವಾದಿಯವರಿಗಾಗಿ(ಸ) ಬೆಳಿಗ್ಗೆ ನೆನೆಸಿದ್ದನ್ನು ಸಂಜೆ, ರಾತ್ರಿ ನೆನೆಸಿದ್ದನ್ನು ಬೆಳಿಗ್ಗೆ ಕುಡಿಯುತ್ತಿದ್ದರೆಂದು ಹ. ಆಯಿಶಾರ(ರ) ವರದಿಯಿದೆ. ಹೆಚ್ಚೆಂದರೆ ಮೂರು ದಿನ, ಆಮೇಲೆ ಉಳಿದದ್ದನ್ನು ಚೆಲ್ಲಿಬಿಡುತ್ತಿದ್ದರು. ಅಬ್ದುಲ್ ಕೈಸ್ ಗೋತ್ರದ ನಿಯೋಗ ಬಂದಾಗ ಸೋರೆ ಬುರುಡೆ, ರಾಳ ಬಳಿದ ಪಾತ್ರೆ ಮುಂತಾದವುಗಳಲ್ಲಿ ನೆನೆಸಬೇಡಿ ಎಂದು ತಡೆದದ್ದೂ ಇದೆ. ಮುಂದೆ ಪಾತ್ರೆಯ ನಿಷೇಧ ಹೋಯಿತು, ಅಮಲಿನ ನಿಷೇಧ ಉಳಿಯಿತು. ಅಂಥ ಪಾತ್ರೆಗಳಲ್ಲಿ ಪೇಯ ಬೇಗ ಹುಳಿಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ತೆಳು ಚರ್ಮದ ಚೀಲವಾದರೆ ಉಬ್ಬಿ ಹರಿದು ತಿಳಿಸಿಬಿಡುತ್ತದೆ ಎಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಮಂಚದ ಕೆಳಗೆ ಬಾಟಲಿ ಒಡೆಯುವವರೆಗೆ ಅರ್ಥವಾಗಿರಲಿಲ್ಲ.

ಗುಳ್ಳೆಯಲ್ಲಿ ಎರಡು ಬಗೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟ್ ಇರುತ್ತದೆ. ಸೆಕೆಯಲ್ಲಿ ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡನ್ನೂ ಆಲ್ಕೋಹಾಲನ್ನೂ ಜೊತೆಯಾಗಿ ಬಿಡುತ್ತದೆ. ಬೆಳಗಿನ ನೀರಾ ಮಧ್ಯಾಹ್ನಕ್ಕೆ ಶಿಂದಿಯಾಗುವುದು ಹೀಗೆಯೇ. ಸೋಡಾದ ಗುಳ್ಳೆ ಬೇರೆ. ಅಲ್ಲಿ ಅದೇ ಅನಿಲವನ್ನು ಒತ್ತಡದಿಂದ ತಣ್ಣೀರಿಗೆ ತುಂಬುತ್ತಾರೆ, ಹುಳಿಯುವ ಮಾತೇ ಇಲ್ಲ. ಇಂಗ್ಲೆಂಡಿನ ಪ್ರೀಸ್ಟ್ಲಿ ಎಂಬವರು 1767ರಲ್ಲಿ ಇದನ್ನು ಕಂಡುಕೊಂಡರು. (ಅವರಿಗೆ ಆ ಅನಿಲ ಮೊದಲು ಸಿಕ್ಕಿದ್ದು ಪಕ್ಕದ ಬಿಯರ್ ಭಟ್ಟಿಯಲ್ಲಿ, ಅದು ಬೇರೆ ಮಾತು.) ನಮ್ಮ ಗೋಲಿ ಸೋಡಾದ ಬಾಟಲಿ ಕೂಡ 1870ರ ದಶಕದಲ್ಲಿ ಕಾಡ್ ಎಂಬ ಆಂಗ್ಲನು ಮಾಡಿದ್ದು.

ಆ ರಾತ್ರಿ ಎಲ್ಲವನ್ನೂ ಸುರುವಿದೆವು. ಅಕ್ಕ ಕಣ್ಣೊರೆಸಿಕೊಳ್ಳುತ್ತ ಬಾಟಲಿ ಕೈಗೆ ಕೊಡುತ್ತಿದ್ದಳು. ಹಣಕ್ಕಿಂತ ನಾಳೆ ಜನ ಏನೆನ್ನುವರೋ ಎಂಬ ಚಿಂತೆ ಅವಳದು. ಬೆಳಿಗ್ಗೆ ಭಾವ ಜಮಖಂಡಿಗೆ ಹೋಗಿ ಹೊಸ ದ್ರಾಕ್ಷಿ, ಲಿಂಬೆ, ಬರ್ಫ, ಸೋಡಾ ತಂದರು. ಮಧ್ಯಾಹ್ನಕ್ಕೆ ನಾವು ಕೊಟ್ಟದ್ದು ಈ ಶರಬತ್ತು.

ಎಂಟು ಗ್ಲಾಸಿಗೆ ಲೆಕ್ಕ ಹೇಳುತ್ತೇನೆ. ಕಾಲು ಕಿಲೋ ಸಕ್ಕರೆಗೆ ಅದರ ಅರ್ಧದಷ್ಟು ತೂಕದ ನೀರು ಹಾಕಿ ಕುದಿಸಿ. ಸಕ್ಕರೆ ಕರಗಿ ಎರಡು ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲೆ ಒಂದು ಹಿಡಿ ಪುದೀನ ಹಾಕಿ 20 ನಿಮಿಷ ಮುಚ್ಚಿಡಿ. ಎಲೆಯನ್ನು ಕುದಿಸಿದರೆ ಕಪ್ಪಾಗಿ ಒಗರಾಗುತ್ತದೆ. ಸೋಸಿ ಫ್ರಿಜ್ಜಿನಲ್ಲಿಡಿ. ಈ ಪಾಕ ದಟ್ಟವಾಗಿರುವುದರಿಂದ ಯೀಸ್ಟಿಗೆ ಬೇಕಾದಷ್ಟು ನೀರು ಸಿಗುವುದಿಲ್ಲ, ವಾರವಿಟ್ಟರೂ ಕೆಡದು. ಕೆಡುವುದು ಹಣ್ಣಿನ ರಸ. ಆದ್ದರಿಂದ ಅರ್ಧ ಕಿಲೋ ಕಪ್ಪು ದ್ರಾಕ್ಷಿಯನ್ನು ಕುಡಿಯುವ ದಿನವೇ ತೊಳೆದು, ಕಿವುಚಿ, ಸೋಸಿ ತಣ್ಣಗಿಡಿ. ದ್ರಾಕ್ಷಿ ಮುಗಿದ ಕಾಲದಲ್ಲಿ ದಾಳಿಂಬೆ ಅಥವಾ ಕಲ್ಲಂಗಡಿ ನಡೆಯುತ್ತದೆ. ಎರಡು ಚಮಚ ಕಾಮಕಸ್ತೂರಿ ಬೀಜವನ್ನು ಒಂದು ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಸಿ. ನಾಲ್ಕು ಲಿಂಬೆ ಹಿಂಡಿಕೊಳ್ಳಿ. ಇಂಡಿಯ ಲಿಂಬೆ ಸಿಕ್ಕರೆ ಬಿಡಬೇಡಿ, ರಸ ಹೆಚ್ಚು.

ಗ್ಲಾಸಿಗೆ ಒಂದು ದೊಡ್ಡ ಚಮಚ ಪಾಕ, ಮೂರು ಚಮಚ ಹಣ್ಣಿನ ರಸ, ಅರ್ಧ ಲಿಂಬೆ, ಚಿಟಿಕೆ ಕರಿ ಉಪ್ಪು, ನೆನೆದ ಬೀಜ, ಬರ್ಫ. ಎಲ್ಲವನ್ನೂ ಕಲಸಿದ ಮೇಲೆಯೇ ಸೋಡಾ, ಅದನ್ನೂ ಗ್ಲಾಸನ್ನು ಓರೆ ಹಿಡಿದು ನಿಧಾನ ಸುರಿಯಿರಿ. ಸೋಡಾದ ಮೇಲೆ ಉಪ್ಪು ಉದುರಿಸಿದರೆ ಗುಳ್ಳೆಯೆಲ್ಲ ಒಮ್ಮೆಲೇ ಉಕ್ಕಿ ಹೋಗುತ್ತದೆ. ಸೋಡಾ ತಣ್ಣಗಿರಬೇಕು, ಬೆಚ್ಚಗಿನ ನೀರು ಅನಿಲವನ್ನು ಹಿಡಿದಿಡುವುದಿಲ್ಲ. ಸೋಡಾ ಸಿಗಲಿಲ್ಲವೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಗುಳ್ಳೆ ಬರುತ್ತದೆ, ರುಚಿ ಕೆಡುತ್ತದೆ, ಬಿ.ಪಿ. ಇದ್ದವರಿಗಂತೂ ಬೇಡ.

ಒಂದು ಚಮಚ ಪಾಕದಲ್ಲೇ 12-13 ಗ್ರಾಂ ಸಕ್ಕರೆ ಇದೆ. ಹಣ್ಣಿನದು ಬೇರೆ. ಮೂರು ಚಮಚ ಸುರಿದರೆ ಅಂಗಡಿಯ ಕೋಲಾಕ್ಕೂ ಇದಕ್ಕೂ ಏನು ವ್ಯತ್ಯಾಸ? ಸಕ್ಕರೆ ಕಾಯಿಲೆಯವರಿಗೆ ಪಾಕವನ್ನೂ ಹಣ್ಣಿನ ರಸವನ್ನೂ ಬಿಟ್ಟು ಲಿಂಬೆ, ಪುದೀನ, ಕರಿ ಉಪ್ಪು, ಸೋಡಾ ಕೊಡಿ. ಚಾಚಾ ಕುಡಿದದ್ದು ಅದನ್ನೇ. ಮೊದಲು ಮೂಸಿದರು, ನನ್ನ ಮುಖ ನೋಡಿದರು, ಆಮೇಲೆ ಗ್ಲಾಸು ಖಾಲಿ ಮಾಡಿ ಇನ್ನೊಂದಕ್ಕೆ ಕೈ ಚಾಚಿದರು.