ಪಾಲು ಎಂದ ಮೇಲೆ ನಷ್ಟದಲ್ಲಿಯೂ ಪಾಲು

ಕಳೆದ ದೀಪಾವಳಿಗೆ ಮುನ್ನ ಒಂದೇ ವಾರದಲ್ಲಿ ನನಗೆ ಮೂರು ದೂರವಾಣಿ ಕರೆಗಳು ಬಂದವು. ಮೂರರ ಸಾರವೂ ಒಂದೇ. "ಸಾರ್, ನಿಮ್ಮ ಮಾತು ಕೇಳಿ ದುಡ್ಡು ಕಟ್ಟಿದೆವು. ಈ ವಾರದ ಚೀಲದಲ್ಲಿ ಎರಡು ಕಟ್ಟು ಸೊಪ್ಪು, ನಾಲ್ಕು ಬದನೆಕಾಯಿ ಬಿಟ್ಟರೆ ಏನೂ ಇಲ್ಲ. ಉಳಿದ ಆರು ವಾರದ ಹಣ ವಾಪಸು ಕೊಡಿಸಿಬಿಡಿ." ಕರೆ ಮಾಡಿದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು, ಒಬ್ಬರು ನಮ್ಮ ಬಂಧುವರ್ಗಕ್ಕೇ ಸೇರಿದವರು. ಹಣ ವಾಪಸಾಯಿತು, ಮನಸ್ತಾಪ ಉಳಿಯಿತು. ಅನಂತರ ಬೆಂಗಳೂರಿನಲ್ಲಿರುವ ಕೆಲವರು, ಈ ಏರ್ಪಾಡಿಗೆ ಒಂದು ರೂಪಾಯಿಯನ್ನೂ ಕಟ್ಟದವರು, "ಮೇಷ್ಟ್ರು ನಿವೃತ್ತರಾದ ಮೇಲೆ ತರಕಾರಿ ದಲ್ಲಾಳಿ ಆಗಿದ್ದಾರಂತೆ" ಎಂದು ನಗೆಯಾಡಿದ್ದೂ ಕಿವಿಗೆ ಬಿತ್ತು. ನಗುವವರು ನಗಲಿ. ಆದರೆ ಅದರ ಹಿಂದಿರುವ ವಾದಕ್ಕೆ ಉತ್ತರ ಕೊಡದೆ ಸುಮ್ಮನಿರುವುದು ಇಷ್ಟು ವರ್ಷ ಸೀಮೆಸುಣ್ಣ ಹಿಡಿದ ನನ್ನಂಥವನಿಗೆ ಸಾಧ್ಯವಿಲ್ಲ. ನೀವೆಲ್ಲರೂ ಓದುವ ಜಾಗ ಇದೇ ಆದುದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಸಂಗತಿ ತಿಳಿಯದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ಅಜ್ಜಂಪುರದ ಕಡೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮೂರು ಎಕರೆ ಎರೆ ಹೊಲವೂ ಒಂದು ಕೊಳವೆಬಾವಿಯೂ ಇವೆ. ಕಡೂರು, ಬೀರೂರು, ತರೀಕೆರೆಗಳಲ್ಲಿರುವ ಇಪ್ಪತ್ತೊಂದು ಮನೆಗಳವರು ಜೂನ್ ತಿಂಗಳ ಆರಂಭದಲ್ಲಿ ತಲಾ 6,000 ರೂಪಾಯಿಗಳನ್ನು ಅವನಿಗೆ ಮುಂಗಡವಾಗಿ ಕೊಟ್ಟೆವು. ಅದಕ್ಕೆ ಪ್ರತಿಯಾಗಿ ಇಪ್ಪತ್ತನಾಲ್ಕು ವಾರ, ಪ್ರತಿ ಭಾನುವಾರ ಬೆಳಿಗ್ಗೆ, ಅವನ ಹೊಲದಲ್ಲಿ ಆ ವಾರ ಏನು ಬೆಳೆದಿದೆಯೋ ಅದರ ಇಪ್ಪತ್ತೊಂದನೆಯ ಒಂದು ಭಾಗ ಪ್ರತಿ ಮನೆಗೆ. ಬೆಳೆದದ್ದು ಹೆಚ್ಚಾದರೆ ಹೆಚ್ಚು, ಕಡಿಮೆಯಾದರೆ ಕಡಿಮೆ. ಈ ಮಾತನ್ನು ಮೊದಲ ದಿನವೇ ಎಲ್ಲರೆದುರು ಓದಿ ಹೇಳಿದ್ದೆವು. ಎಲ್ಲರೂ ತಲೆಯಾಡಿಸಿದ್ದರು. ತರಗತಿಯಲ್ಲಿ "ಅರ್ಥವಾಯಿತೇ" ಎಂದು ಕೇಳಿದಾಗ ತಲೆಯಾಡಿಸಿದವರೆಲ್ಲರಿಗೂ ಅರ್ಥವಾಗಿರುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಮೊದಲ ತಿಂಗಳುಗಳಲ್ಲಿ ಬೆಂಡೆ, ಹೀರೆ, ದಂಟಿನ ಸೊಪ್ಪು, ಹಸಿಮೆಣಸಿನಕಾಯಿ ಧಾರಾಳವಾಗಿ ಬಂದವು. ಬಳಿಕ ನಾಲ್ಕು ವಾರ ಬರೀ ಮೂಲಂಗಿ. ಇಪ್ಪತ್ತು ಗುಂಟೆಯಲ್ಲಿ ಅವನು ಈರುಳ್ಳಿ ಹಾಕಿದ್ದ, ನಾವೆಲ್ಲ ಅದರ ಮೇಲೇ ಕಣ್ಣಿಟ್ಟಿದ್ದೆವು. ನಮ್ಮ ಸೀಮೆ ಬಾಬಾಬುಡನ್ ಗಿರಿಯ ಪೂರ್ವಕ್ಕೆ ಮಳೆಯ ಮರೆಯಲ್ಲಿದೆ. ಮಳೆ ಬೇಕಾದಾಗ ಬಾರದು, ಬೇಡವಾದಾಗ ಸುರಿಯುತ್ತದೆ. ಮುಂಗಾರಿನಲ್ಲಿ ಬಿತ್ತಿದ ಈರುಳ್ಳಿಯನ್ನು ಕಿತ್ತು ಹೊಲದಲ್ಲಿಯೇ ಒಣಗಲು ಬಿಟ್ಟ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಎರೆ ಮಣ್ಣು ನೀರನ್ನು ಬಿಟ್ಟುಕೊಡದು. ನಾಲ್ಕು ದಿನದ ನಂತರ ನಾನೇ ಹೋಗಿ ನೋಡಿದೆ. ಗಡ್ಡೆಯನ್ನು ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಆ ವಾಸನೆ ಬಟ್ಟೆಯಿಂದ ಬಿಡಲು ಎರಡು ಸಲ ಒಗೆಯಬೇಕಾಯಿತು. ಸೊಪ್ಪು ಮತ್ತು ಬದನೆಕಾಯಿಯ ಚೀಲ ಬಂದದ್ದು ಆ ವಾರ.

ಹಣ ವಾಪಸು ಕೇಳಿದವರ ಮೊದಲ ವಾದ, ತಮಗೆ ನಷ್ಟವಾಯಿತು ಎಂಬುದು. ಗಣಿತದ ಮೇಷ್ಟ್ರ ಎದುರು ಈ ವಾದ ಹೂಡಬಾರದಿತ್ತು. ನಾನು ಪ್ರತಿ ಭಾನುವಾರ ಚೀಲವನ್ನು ತಕ್ಕಡಿಗೆ ಹಾಕಿ, ಅದೇ ದಿನದ ಕಡೂರು ಮಾರುಕಟ್ಟೆಯ ಚಿಲ್ಲರೆ ದರದಲ್ಲಿ ಬೆಲೆ ಕಟ್ಟಿ ಬರೆದಿಟ್ಟಿದ್ದೇನೆ. ಇಪ್ಪತ್ತನಾಲ್ಕು ವಾರಗಳ ಒಟ್ಟು ಮೊತ್ತ 5,340 ರೂಪಾಯಿ. ಕೊಟ್ಟದ್ದು 6,000. ಹಾಗಾದರೆ ನಷ್ಟ 660 ರೂಪಾಯಿ, ವಾರಕ್ಕೆ ಇಪ್ಪತ್ತೇಳೂವರೆ. ಇಷ್ಟು ಹಣವನ್ನು ಹೋಟೆಲಿನಲ್ಲಿ ಎರಡು ಕಾಫಿಗೆ ಕೊಡುವಾಗ ಯಾರೂ ಮೇಷ್ಟ್ರಿಗೆ ಕರೆ ಮಾಡುವುದಿಲ್ಲ.

ಇನ್ನು ಆಚೆಯ ಬದಿಯ ಲೆಕ್ಕ. 2022ರ ನವೆಂಬರ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ರಸೀದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗದಗ ಜಿಲ್ಲೆಯ ರೈತರೊಬ್ಬರು ಯಶವಂತಪುರದ ಮಾರುಕಟ್ಟೆಗೆ 205 ಕಿಲೋ ಈರುಳ್ಳಿ ತಂದಿದ್ದರು. ಕ್ವಿಂಟಲಿಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಸಾಗಣೆಗೆ 377 ರೂಪಾಯಿ 64 ಪೈಸೆ, ಹಮಾಲಿಗೆ 24 ರೂಪಾಯಿ ಕಳೆದು ಅವರ ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಇದಕ್ಕೆ ಮೂರು ವರ್ಷ ಮೊದಲು, 2019ರ ಡಿಸೆಂಬರಿನಲ್ಲಿ, ಅದೇ ಬೆಂಗಳೂರಿನಲ್ಲಿ ಈರುಳ್ಳಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟು ಗಲಾಟೆ! ನಮ್ಮ ಕಣ್ಣಲ್ಲಿ ನೀರು ಬಂದರೆ ಸುದ್ದಿ ತಿಂಗಳುಗಟ್ಟಲೆ ಓಡುತ್ತದೆ. ಬೆಳೆದವನದು ಎರಡು ದಿನದ ಸುದ್ದಿ. ಭಾರತೀಯ ರಿಸರ್ವ್ ಬ್ಯಾಂಕಿನ 2024ರ ಒಂದು ಅಧ್ಯಯನ ಪ್ರಬಂಧದ ಪ್ರಕಾರ ನಾವು ಕೊಡುವ ಪ್ರತಿ ರೂಪಾಯಿಯಲ್ಲಿ ಬೆಳೆಗಾರನಿಗೆ ತಲುಪುವುದು ಟೊಮ್ಯಾಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗಡ್ಡೆಗೆ 37. ಆದರೆ ಬೆಳೆ ಕೊಳೆತರೆ ನಷ್ಟದಲ್ಲಿ ಅವನ ಪಾಲು ರೂಪಾಯಿಗೆ ನೂರು ಪೈಸೆ. ಇದು ಯಾವ ಊರಿನ ಲೆಕ್ಕ?

ಪಾಲುದಾರಿಕೆಯ ಲೆಕ್ಕಗಳನ್ನು ನಾನೇ ನಿಮಗೆ ಕಲಿಸಿದವನು. ರಾಮ, ರಹೀಮ, ಜೋಸೆಫ್ ಮೂವರೂ ಇಂತಿಷ್ಟು ಬಂಡವಾಳ ಹಾಕಿ ವ್ಯಾಪಾರ ಮಾಡಿದರು, ಬಂದ ಲಾಭವನ್ನು ಹೇಗೆ ಹಂಚಿಕೊಳ್ಳಬೇಕು ಎಂಬಂಥವು. ಈಗ ಹಿಂತಿರುಗಿ ನೋಡಿದರೆ ನಾಚಿಕೆಯಾಗುತ್ತದೆ. ವ್ಯಾಪಾರ ಮುಳುಗಿತು, ನಷ್ಟವನ್ನು ಹಂಚಿರಿ ಎಂಬ ಲೆಕ್ಕವನ್ನು ನಾನು ಹಲಗೆಯ ಮೇಲೆ ಬರೆದದ್ದು ಬಹಳ ಅಪರೂಪ. ನೀವು ನಷ್ಟ ಬಂದೊಡನೆ ಬಾಗಿಲ ಕಡೆ ನೋಡಿದ್ದರಲ್ಲಿ ನನ್ನ ಪಾಠದ ದೋಷವೂ ಒಂದಿಷ್ಟು ಇರಬಹುದು.

ಎರಡನೆಯ ವಾದ: ಬೆಳೆ ಬರುವ ಮೊದಲೇ ಹಣ ಕೊಡುವುದು ಎಲ್ಲಿಯಾದರೂ ಉಂಟೇ? ತರೀಕೆರೆಯಲ್ಲಿ ಹುಟ್ಟಿ ಬೆಳೆದವರೇ ಈ ಪ್ರಶ್ನೆ ಕೇಳಿದ್ದು ನನಗೆ ಆಶ್ಚರ್ಯ. ಅಡಿಕೆಯ ಚೇಣಿ ಎಂದರೆ ಮತ್ತೇನು? ಗೊನೆ ಇನ್ನೂ ಮರದ ಮೇಲಿರುವಾಗಲೇ ಚೇಣಿದಾರ ತೋಟವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಿ ಮುಂಗಡ ಕೊಡುತ್ತಾನೆ. ಈರುಳ್ಳಿಯವನಿಗೆ ಬೀಜಕ್ಕೆ, ಗೊಬ್ಬರಕ್ಕೆ ಮಂಡಿಯವನು ಸಾಲ ಕೊಡುವುದುಂಟು, ಬೆಳೆ ತನ್ನ ಮಂಡಿಗೇ ಬರಬೇಕು ಎಂಬ ಕರಾರಿನ ಮೇಲೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ರೈತನಿಗೆ ಮುಂಗಡ ಎಂಬುದು ಹೊಸದೇನೂ ಅಲ್ಲ. ಮುಂಗಡ ಕೊಟ್ಟವನು ಊಟ ಮಾಡುವವನೇ ಆಗಿರುವುದು, ಬಡ್ಡಿ ಕೇಳದಿರುವುದು, ಬೆಳೆ ಹೋದರೆ ಸಾಲದ ಚೀಟಿ ತೋರಿಸದಿರುವುದು, ಇಷ್ಟೇ ಹೊಸತು. ವ್ಯಾಪಾರಿ ತನ್ನ ಲಾಭಕ್ಕಾಗಿ ಹೊರುವ ಅಪಾಯದಲ್ಲಿ ಒಂದಂಶವನ್ನೂ ಉಣ್ಣುವವರು ಹೊರಲಾರೆವು ಎಂದರೆ, ದಲ್ಲಾಳಿಗಳನ್ನು ಬೈಯುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಇದು ಅಮೆರಿಕದಿಂದ ತಂದ ಶೋಕಿ ಎಂದವರೂ ಇದ್ದಾರೆ. ಅಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಷೈರ್ ಪ್ರಾಂತ್ಯಗಳ ಎರಡು ಹೊಲಗಳಲ್ಲಿ ಇಂಥ ಪಾಲುಗಾರಿಕೆ ಆರಂಭವಾದದ್ದು ನಿಜ. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ಜಪಾನಿನ ಗೃಹಿಣಿಯರು ಕೀಟನಾಶಕಗಳಿಗೆ ಹೆದರಿ ರೈತರೊಡನೆ ನೇರ ಒಪ್ಪಂದ ಮಾಡಿಕೊಂಡಿದ್ದರು. ಅವರು ಅದನ್ನು ತೇಕೇ ಎನ್ನುತ್ತಾರೆ. ಆದರೆ ನಮ್ಮ ಹಳ್ಳಿಗಳ ಆಯದ ಪದ್ಧತಿಯನ್ನು ನೆನೆಯಿರಿ. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಕಣದಿಂದ ತಮ್ಮ ಪಾಲಿನ ಧಾನ್ಯ ಒಯ್ಯುತ್ತಿದ್ದರು. ಬೆಳೆ ಕೆಟ್ಟ ವರ್ಷ ಅವರ ಪಾಲೂ ಕುಗ್ಗುತ್ತಿತ್ತು. ನಾನು ಆ ಕಾಲವನ್ನು ಹೊಗಳುತ್ತಿಲ್ಲ. ಕಣದ ಅಂಚಿನಲ್ಲಿ ಕೈಕಟ್ಟಿ ನಿಂತವರನ್ನು, ಮೊರದಿಂದ ಎಷ್ಟು ಸುರಿಯಬೇಕೆಂಬುದು ಹೊಲದೊಡೆಯನ ಮರ್ಜಿಯಾಗಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಂದು ಹೊಲದ ಏರಿಳಿತಕ್ಕೆ ಹಲವು ಮನೆಗಳು ಕಟ್ಟುಬಿದ್ದಿರುವುದು ಈ ನೆಲಕ್ಕೆ ಪರಕೀಯ ಎಂದು ಮಾತ್ರ ಹೇಳಬೇಡಿ.

1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್, 1999ರಲ್ಲಿ ತಮಿಳುನಾಡಿನಲ್ಲಿಯೂ ಆಂಧ್ರದಲ್ಲಿಯೂ ಆರಂಭವಾದ ರೈತರ ಸಂತೆಗಳು, ಇವೆಲ್ಲ ಒಳ್ಳೆಯ ಕೆಲಸಗಳೇ. ಅವು ನಡುವಿನವರನ್ನು ಕಡಿಮೆ ಮಾಡಿದವು. ಆದರೆ ಅಲ್ಲಿಗೂ ಕೊಳೆತ ಈರುಳ್ಳಿ ಬರುವುದಿಲ್ಲ, ಬಂದರೆ ಯಾರೂ ಕೊಳ್ಳುವುದಿಲ್ಲ. ಅದು ಹೊಲದಲ್ಲಿಯೇ, ರೈತನ ಖಾತೆಯಲ್ಲಿಯೇ ಉಳಿಯುತ್ತದೆ.

ನಮ್ಮ ಏರ್ಪಾಡಿನಲ್ಲಿ ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಮೂಲಂಗಿಯನ್ನೆಲ್ಲ ಒಂದೇ ವಾರದಲ್ಲಿ ಬಿತ್ತಿದ್ದು ಅವನ ತಪ್ಪು. ವಾರ ಬಿಟ್ಟು ವಾರ ಬಿತ್ತಬೇಕಿತ್ತು. ಈರುಳ್ಳಿ ಕೊಳೆತ ಸುದ್ದಿಯನ್ನು ಸಂಕೋಚದಿಂದ ನಮಗೆ ಐದು ದಿನ ತಿಳಿಸಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. ಟೊಮ್ಯಾಟೊಗೆ ಒಮ್ಮೆ ಔಷಧಿ ಹೊಡೆದ, ಹೊಡೆದೆನೆಂದು ಹೇಳಿಯೂ ಹೇಳಿದ. ಆದ್ದರಿಂದ ಇದನ್ನು ಅಮೃತವೆಂದು ಮಾರುವವರ ಸಾಲಿಗೆ ನಮ್ಮನ್ನು ಸೇರಿಸಬೇಡಿ. ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಎಂದರೆ, ಒಮ್ಮೆಗೇ ಆರು ಸಾವಿರ ಎಣಿಸಬಲ್ಲವರು ಯಾರು? ನಮ್ಮಂಥ ಪಿಂಚಣಿದಾರರು, ಸಂಬಳದವರು. ನಮ್ಮ ಬೀದಿಯ ಗಾರೆ ಕೆಲಸದವನ ಮನೆಗೆ ಇದು ಎಟುಕದು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮುಂದಿನ ಸಲ ಮೂರು ಮನೆಗಳಿಗೆ ವಾರದ ಕಂತು ಇಡೋಣ ಎಂದು ಮಾತನಾಡಿಕೊಂಡಿದ್ದೇವೆ. ನನ್ನ ತಪ್ಪನ್ನೂ ಮುಚ್ಚಿಡಲಾರೆ. ಮೂಲಂಗಿಯ ಮೂರನೆಯ ವಾರ ನಾನು ಚೀಲವನ್ನು ಪಕ್ಕದ ಮನೆಗೆ ಕೊಟ್ಟು, ಪೇಟೆಯಿಂದ ಎಲೆಕೋಸು ತಂದಿದ್ದೆ. ಮನೆಯಾಕೆ ಅದನ್ನು ಹೆಚ್ಚುತ್ತಾ ಏನೂ ಹೇಳಲಿಲ್ಲ, ನೋಡಿದಳು ಅಷ್ಟೇ.

ಆದರೆ ನನ್ನನ್ನು ಇದನ್ನು ಬರೆಯುವಂತೆ ಮಾಡಿದ್ದು ಈ ಯಾವ ವಾದವೂ ಅಲ್ಲ. ಮೂವರಿಗೂ ತಲಾ 1,500ರಂತೆ 4,500 ರೂಪಾಯಿ ಹಿಂದಿರುಗಿಸಬೇಕೆಂದು ನಾನು ಅವನಿಗೆ ಹೇಳಿರಲಿಲ್ಲ. ಅವರೇ ಹೇಳಿರಬೇಕು. ಒಂದು ಸಂಜೆ ಲಗೇಜ್ ಆಟೋವನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ, ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದ. ಹೆಂಡತಿಯ ಸ್ವಸಹಾಯ ಸಂಘದಿಂದ ಸಾಲ ತೆಗೆದ ಹಣ. ಕವರನ್ನು ಮೇಜಿನ ಮೇಲಿಟ್ಟು, "ನನ್ನಿಂದ ನಿಮಗೆ ಮಾತು ಬರೋ ಹಾಗಾಯ್ತು, ಸಾರ್" ಎಂದ. ಕೂರೆಂದರೂ ಕೂರಲಿಲ್ಲ. ಇವನು ಒಂಬತ್ತನೆಯ ತರಗತಿಯಲ್ಲಿ ಶುಲ್ಕ ಕಟ್ಟಲು ತಡವಾದಾಗಲೂ ಹೀಗೆಯೇ ನಿಂತಿದ್ದ. ಅವನು ಇಪ್ಪತ್ತು ಗುಂಟೆ ಈರುಳ್ಳಿ ಕಳೆದುಕೊಂಡಿದ್ದ. ನಾವು ಕಳೆದುಕೊಂಡದ್ದು ವಾರಕ್ಕೆ ಇಪ್ಪತ್ತೇಳೂವರೆ ರೂಪಾಯಿ. ತಲೆ ತಗ್ಗಿಸಿ ನಿಂತವನು ಅವನು. ಹಣ ವಾಪಸು ಪಡೆದ ನನ್ನ ಶಿಷ್ಯರಿಗೂ ನಂಟರಿಗೂ ಈ ದೃಶ್ಯ ತಿಳಿದಿರಲಿ ಎಂದೇ ಬರೆದಿದ್ದೇನೆ. ನಿಷ್ಠುರವಾದರೆ ಆಗಲಿ.

ಉಳಿದ ಹದಿನೆಂಟು ಮನೆಗಳವರು ಹಿಂಗಾರಿಗೂ ಮುಂದುವರಿದಿದ್ದೇವೆ. ಮೊನ್ನೆ ಭಾನುವಾರದ ಚೀಲದಲ್ಲಿ ಸೊಗಡು ಬಿಡುವ ಅವರೆಕಾಯಿ ಎರಡೂವರೆ ಕಿಲೋ ಇತ್ತು. ಎರಡು ದಿನ ಮನೆಯಲ್ಲಿ ಹಿತಕವರೆಯ ಸಾರು. ಜೂನ್ ಮೊದಲ ವಾರಕ್ಕೆ ಮೂರು ಪಾಲುಗಳು ಖಾಲಿಯಿವೆ. ಬಿಟ್ಟು ಹೋದವರು ಮರಳಿ ಬಂದರೂ ಸಂತೋಷವೇ, ಹಳೆಯ ಮಾತು ತೆಗೆಯುವುದಿಲ್ಲ. ಕರಾರಿನ ಕಾಗದವನ್ನು ಈ ಸಲ ನಾನೇ ನನ್ನ ಕೈಯಾರೆ ಬರೆದಿದ್ದೇನೆ, ಸಹಿ ಮಾಡುವ ಮುನ್ನ ಪ್ರತಿಯೊಬ್ಬರಿಂದಲೂ ಗಟ್ಟಿಯಾಗಿ ಓದಿಸುತ್ತೇನೆ. ಅದೇ ಇಪ್ಪತ್ತು ಗುಂಟೆಯಲ್ಲಿ ಅವನು ಮತ್ತೆ ಈರುಳ್ಳಿ ಹಾಕುತ್ತಾನಂತೆ.