ನಿಸ್ತಂತು ಗೃಹೋಪಕರಣಗಳು: ಯಾವ ಪದ್ಧತಿ ಮೇಲು?

ಮೊಬೈಲಿನ ಆಜ್ಞೆಗೆ ಉರಿದಾರುವ ದೀಪ, ತಿರುಗಿ ನಿಲ್ಲುವ ಫ್ಯಾನುಗಳು ಇಂದು ಸಾಮಾನ್ಯ ಸಂಬಳದಾರರ ಕೈಗೂ ಎಟಕುತ್ತಿವೆ. ಇವನ್ನು ನಡೆಸುವ ನಿಸ್ತಂತು ಪದ್ಧತಿಗಳು ಮಾತ್ರ ಹಲವು. ವೈ-ಫೈ ಉಪಕರಣಕ್ಕೆ ಮನೆಯ ರೂಟರೇ ಸಾಕು. ಜಿಗ್ಬೀ, ಥ್ರೆಡ್‌ಗಳು ಅಲ್ಪ ವಿದ್ಯುತ್ತಿನಿಂದಲೇ ನಡೆಯುವುವಾದರೂ ಅವಕ್ಕೆ ಹಬ್ ಎಂಬ ಕೇಂದ್ರೋಪಕರಣ ಬೇರೆಯಾಗಿ ಬೇಕು.

ವಿಚಾರಣೀಯವಾದ ಅಂಶವೊಂದಿದೆ. ಮಾರಿದ ಸಂಸ್ಥೆಯೇ ಬಾಗಿಲು ಮುಚ್ಚಿದರೆ ಕೊಂಡ ವಸ್ತುವಿನ ಗತಿಯೇನು? 2022ರ ಏಪ್ರಿಲಿನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರುಗಳು ಹಠಾತ್ತನೆ ನಿಂತುಹೋದವು. ಗ್ರಾಹಕರು ತಮ್ಮ ಮನೆಯ ದೀಪಗಳನ್ನೇ ಮೊಬೈಲಿನಿಂದ ನಿಯಂತ್ರಿಸಲಾರದಾದರು.

ಅದೇ ವರ್ಷದ ಅಕ್ಟೋಬರಿನಲ್ಲಿ ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಮೊದಲಾದವುಗಳ ಸಹಕಾರದಿಂದ ಹೊರಬಂದ 'ಮ್ಯಾಟರ್' ಈ ಪರಾಧೀನತೆಯನ್ನು ಬಹುಮಟ್ಟಿಗೆ ತಗ್ಗಿಸಿದೆ. ವೈ-ಫೈ, ಥ್ರೆಡ್‌ಗಳೆರಡರ ಮೇಲೂ ನಡೆಯುವ ಈ ಪದ್ಧತಿಯಲ್ಲಿ ಮನೆಯೊಳಗಿನ ಆಜ್ಞೆ ದೂರದ ಸರ್ವರಿಗಾಗಿ ಕಾಯಬೇಕಿಲ್ಲ. ಸ್ಮಾರ್ಟ್ ಸ್ಪೀಕರಿನಂಥ ನಿಯಂತ್ರಕವೊಂದು ಮನೆಯಲ್ಲಿರಬೇಕಾಗುವುದು ಸಾಮಾನ್ಯ; ಆ ಖರ್ಚನ್ನೂ ಮೊದಲೇ ಲೆಕ್ಕಹಾಕತಕ್ಕದ್ದು.

ಇಂದು ಈ ಕೋಣೆ, ನಾಳೆ ಮತ್ತೊಂದು ಎಂದು ಬಾಡಿಗೆಯಲ್ಲಿ ಬಾಳುವ ನಮ್ಮವರಿಗೆ, ಒಂದೆರಡು ದೀಪಗಳ ಮಟ್ಟಿಗೆ, ಮ್ಯಾಟರ್ ಮುದ್ರೆಯುಳ್ಳ ವೈ-ಫೈ ಉಪಕರಣವೇ ಸಾಕೆಂದು ನಾವು ಭಾವಿಸುತ್ತೇವೆ. ಬಿಚ್ಚಿ ಒಯ್ದರೆ ಹೊಸ ಮನೆಯಲ್ಲಿಯೂ ಅದು ಉರಿದೀತು. ದುಡಿದು ತಂದ ಹಣವನ್ನು ತೆರುವ ಮುನ್ನ ಬೆಲೆಯೊಡನೆ ಪೆಟ್ಟಿಗೆಯ ಮೇಲಿನ ಆ ಮುದ್ರೆಯನ್ನೂ ನೋಡುವುದು ವಿವೇಕ.