ವಿಮಾನ ಇಳಿಯದಿದ್ದರೆ ಗೊಣಗಬೇಡಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಆದರೇನಂತೆ, ಹುಬ್ಬಳ್ಳಿ, ಬೆಳಗಾವಿ, ಗೋವಾ ಮೂರೂ ಕೆಲವು ತಾಸಿನ ದಾರಿ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಬ್ಬಕ್ಕೆ ಹಾರಿ ಬರುತ್ತಾರೆ. ಮುಂಡಗೋಡದ ಟಿಬೆಟನ್ ಕಾಲೊನಿಯ ಭಿಕ್ಷುಗಳು ದೆಹಲಿಗೂ ಹೊರದೇಶಕ್ಕೂ ಹೋಗಿ ಬರುತ್ತಾರೆ. ಮೊದಲ ಸಲ ಹತ್ತುವವರು ಎಲ್ಲವನ್ನೂ ಕೇಳಿ ತಿಳಿಯುತ್ತಾರೆ. ಕಷ್ಟವಿರುವುದು ಹತ್ತಾರು ಸಲ ಹಾರಿ ‘ನಮಗೆಲ್ಲ ಗೊತ್ತು’ ಎನ್ನುವವರಲ್ಲಿ.

ಅಣಶಿ ಘಟ್ಟ ಇಳಿದು ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತ ಜೋಯಿಡಾದ ಹುಡುಗರಿಗೆ ಕಿವಿ ಗುಂಯ್ ಎಂದು ಕಟ್ಟುವುದು ಹೊಸದಲ್ಲ. ವಿಮಾನದಲ್ಲಿ ಆಗುವುದೂ ಅದೇ. ಹೊರಗೆ 35 ಸಾವಿರ ಅಡಿ ಎತ್ತರವಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 6ರಿಂದ 8 ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಹಿಡಿದಿಟ್ಟಿರುತ್ತಾರೆ. ಅಂದರೆ ಪ್ರಯಾಣಿಕರು ಮುಳ್ಳಯ್ಯನಗಿರಿಯ ತುದಿಯಲ್ಲಿ ಕುಳಿತ ಹಾಗೆ! ಏರುವಾಗ ಮಧ್ಯಕಿವಿಯ ಗಾಳಿ ಹಿಗ್ಗಿ, ಗಂಟಲಿನತ್ತ ತೆರೆಯುವ ಯೂಸ್ಟೇಷಿಯನ್ ನಾಳದಿಂದ ಸುಲಭವಾಗಿ ಹೊರಬೀಳುತ್ತದೆ. ಇಳಿಯುವಾಗ ಗಾಳಿ ಒಳಹೋಗಬೇಕು, ಆದರೆ ನಾಳ ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ. ನುಂಗಿದಾಗ, ಆಕಳಿಸಿದಾಗ ಬಿಡುತ್ತದೆ. ಆದ್ದರಿಂದಲೇ ವಿಮಾನ ಇಳಿಯತೊಡಗಿದಾಗ ನಿದ್ದೆಯಲ್ಲಿರುವವರನ್ನು ಎಬ್ಬಿಸಬೇಕು, ಹಸುಗೂಸಿಗೆ ಹಾಲು ಕುಡಿಸಬೇಕು. ಅಳುವ ಕೂಸಿನ ತಾಯಿಯನ್ನು ಕಣ್ಣು ಕೆಂಪಗೆ ಮಾಡಿ ನೋಡುವ ಅನುಭವಸ್ಥರು ಇದೊಂದು ಮಾತನ್ನು ಆಕೆಗೆ ಹೇಳಿದರೆ ಎಷ್ಟು ಚೆನ್ನ! ಜೋರು ನೆಗಡಿ ಇರುವವರು ಹೊರಡುವ ಮುನ್ನ ವೈದ್ಯರನ್ನು ಕಾಣುವುದು ಒಳ್ಳೆಯದು.

ಮನೆಯಿಂದ ಕಟ್ಟಿಕೊಡುವ ಗಂಟಿನಲ್ಲೂ ವಿಜ್ಞಾನವಿದೆ. ಅರ್ಧ ತುಂಬಿದ ಉಪ್ಪಿನಕಾಯಿ ಬಾಟಲಿಯೊಳಗಿನ ಗಾಳಿ ಮೇಲೆ ಹಿಗ್ಗಿ ಎಣ್ಣೆಯನ್ನು ಹೊರಗೆ ನೂಕುತ್ತದೆ, ಬಟ್ಟೆಯೆಲ್ಲ ಹಾಳು. ಒಣ ಕೊಬ್ಬರಿಯನ್ನು ತಡೆದಾಗ ಅಮ್ಮಂದಿರಿಗೆ ಸಿಟ್ಟು ಬರುವುದುಂಟು. ಕೊಬ್ಬರಿಯ ಎಣ್ಣೆಯಂಶ ಗಾಳಿಯ ಆಮ್ಲಜನಕದೊಡನೆ ಕೂಡಿ ತಾನಾಗಿಯೇ ಬಿಸಿಯೇರಬಲ್ಲದು. ಆದ್ದರಿಂದ ವಿಮಾನಯಾನ ನಿಯಮಗಳಲ್ಲಿ ಅದು ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ಪವರ್ ಬ್ಯಾಂಕಿನ ಲೆಕ್ಕವೇ ಬೇರೆ. ಅದು ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊಗೆಯಾಡಿದರೆ ಮೇಲೆ ಯಾರಾದರೂ ಕಂಡು ಆರಿಸಬಹುದು. ಕೆಳಗಿನ ಸರಕು ಕೋಣೆಯಲ್ಲಿ ನೋಡುವವರು ಯಾರು?

ಇನ್ನು ಮುಖ್ಯ ಮಾತು. ಮಳೆಗಾಲದಲ್ಲಿ ಹುಬ್ಬಳ್ಳಿಗೋ ಬೆಳಗಾವಿಗೋ ಬಂದ ವಿಮಾನ ನೆಲದ ಹತ್ತಿರ ಬಂದು ಹಠಾತ್ತನೆ ಮತ್ತೆ ಮೇಲೇರುವುದುಂಟು. ಎರಡು ಸುತ್ತು ಹಾಕಿ ಬೇರೆ ಊರಿಗೆ ಹೊರಳುವುದೂ ಉಂಟು. ಆಗ ಎಲ್ಲರಿಗಿಂತ ಮೊದಲು ದನಿಯೆತ್ತುವವರು ಪದೇ ಪದೇ ಹಾರುವವರೇ. ಇಂತಿಷ್ಟು ಎತ್ತರಕ್ಕೆ ಇಳಿಯುವಷ್ಟರಲ್ಲಿ ರನ್‌ವೇ ಕಾಣಬೇಕು, ವೇಗವೂ ಇಳಿಜಾರೂ ಸರಿಯಾಗಿರಬೇಕು. ಒಂದು ತಪ್ಪಿದರೂ ಪೈಲಟ್ ಪುನಃ ಮೇಲೇರಬೇಕೆಂಬುದು ನಿಯಮ. ಬದಲಿ ನಿಲ್ದಾಣ ತಲುಪುವಷ್ಟು, ಅದರ ಮೇಲೂ ಸ್ವಲ್ಪ ಇಂಧನವನ್ನು ಮೊದಲೇ ತುಂಬಿಕೊಂಡು ಹೊರಟಿರುತ್ತಾರೆ. ಗಾಬರಿಯಾಗುವಂಥದ್ದೇನೂ ಇಲ್ಲ.

ಗಾಬರಿಯಾಗಬೇಕಾದ್ದು ಮೇಲೇರದೆ ಹೋದಾಗ. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ವಿಮಾನ ಇರಬೇಕಾದ್ದಕ್ಕಿಂತ ಹೆಚ್ಚು ಎತ್ತರದಲ್ಲಿ, ಹೆಚ್ಚು ವೇಗದಲ್ಲಿತ್ತು. ಅಂದು ಮಳೆಯೂ ಇರಲಿಲ್ಲ. ಸಹ ಪೈಲಟ್ ‘ಮೇಲೇರಿ’ ಎಂದು ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಲು ಹೊರಟರೆಂದು ತನಿಖಾ ವರದಿ ಹೇಳಿದೆ. ಸುಮಾರು 8 ಸಾವಿರ ಅಡಿಯ ರನ್‌ವೇಯಲ್ಲಿ 5 ಸಾವಿರಕ್ಕೂ ಹೆಚ್ಚು ಅಡಿ ದಾಟಿದ ಮೇಲೆ ಚಕ್ರಗಳು ಸರಿಯಾಗಿ ನೆಲ ಹಿಡಿದವು. ಗುಡ್ಡದ ಮೇಲಿನ ನಿಲ್ದಾಣ, ಮುಂದೆ ಕಣಿವೆ. ವಿಮಾನದಲ್ಲಿದ್ದ 166 ಮಂದಿಯಲ್ಲಿ ಉಳಿದವರು 8 ಜನ. ಒಂದು ಸುತ್ತು ಹಾಕಿ ಬಂದಿದ್ದರೆ ಹೆಚ್ಚೆಂದರೆ ಕಾಲು ಗಂಟೆ ತಡವಾಗುತ್ತಿತ್ತು.

ಪ್ರಯಾಣಿಕರ ನಡತೆಗೂ ಬೆಲೆಯಿದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ದೊಡ್ಡ ವಿಮಾನವೊಂದು ರನ್‌ವೇಯ ಮೇಲಿದ್ದ ಇನ್ನೊಂದು ಸಣ್ಣ ವಿಮಾನಕ್ಕೆ ಬಡಿದು ಹೊತ್ತಿ ಉರಿಯಿತು. ಸಣ್ಣ ವಿಮಾನದಲ್ಲಿದ್ದ ಐವರು ಸತ್ತರು. ಆದರೆ ದೊಡ್ಡ ವಿಮಾನದ 379 ಮಂದಿಯೂ ಜೀವಸಹಿತ ಹೊರಬಂದರು. ಸಿಬ್ಬಂದಿ ಹೇಳಿದಂತೆ ಚೀಲಗಳನ್ನು ಬಿಟ್ಟು ಬಂದದ್ದು ಇದಕ್ಕೆ ಬಹಳ ನೆರವಾಯಿತು. ನಮ್ಮಲ್ಲಿ ಚಕ್ರ ನೆಲ ಮುಟ್ಟುವ ಮೊದಲೇ ಬೆಲ್ಟು ಬಿಚ್ಚಿ ಚೀಲಕ್ಕೆ ಕೈಹಾಕುವವರಿದ್ದಾರೆ! ಗಗನಸಖಿ ಬಾಗಿಲು ತೋರಿಸುವಾಗ ಮೊಬೈಲಿನಿಂದ ತಲೆಯೆತ್ತಿ, ತುರ್ತು ಬಾಗಿಲು ಎಷ್ಟು ಸಾಲು ದೂರವೆಂದು ಎಣಿಸಿಕೊಳ್ಳುವುದಕ್ಕೆ ಅರ್ಧ ನಿಮಿಷ ಸಾಕು.

ಸಂದರ್ಶನವೋ ಪ್ರವೇಶದ ಕೌನ್ಸೆಲಿಂಗೋ ಸೋಮವಾರ ಬೆಳಿಗ್ಗೆ ಇದ್ದರೆ, ಮಳೆಗಾಲದಲ್ಲಿ ಭಾನುವಾರ ಸಂಜೆಯ ವಿಮಾನ ನಂಬಿಕೊಳ್ಳದೆ ಶನಿವಾರವೇ ಹೊರಡಿ. ಅಂಕಪಟ್ಟಿ, ಔಷಧ ಕೈಚೀಲದಲ್ಲಿರಲಿ. ಕರೆದೊಯ್ಯಲು ಬರುವ ಅಪ್ಪನಿಗೆ, ವಿಮಾನ ಬೇರೆ ಊರಿಗೆ ಹೊರಳಿದರೆ ಫೋನ್ ಬರುವವರೆಗೆ ಹುಬ್ಬಳ್ಳಿಯಲ್ಲೇ ಕಾಯಬೇಕೋ ದಾಂಡೇಲಿಗೆ ಹಿಂದಿರುಗಬೇಕೋ ಎಂಬುದನ್ನು ಮೊದಲೇ ಹೇಳಿಡಿ.